ಅತಿಥಿಯ ಮಾತು, ನಮ್ಮ ವಹಿ

ಬೆಳಗಿನ ಜಾವ 4 ಗಂಟೆ 10 ನಿಮಿಷಕ್ಕೆ ಫೋನ್ ಬಂತು. ಆ ಹೊತ್ತಿನ ಫೋನ್ ಊರಿನಿಂದ ಬಂದರೆ ಒಂದು ಬಗೆಯ ಭಯ, ಆಫೀಸಿನಿಂದ ಬಂದರೆ ಇನ್ನೊಂದು ಬಗೆಯದು. ಪುಣೆಗೆ ಬಂದು ಹದಿಮೂರು ವರ್ಷವಾದರೂ ಎರಡಕ್ಕೂ ಎದೆ ಝಲ್ಲೆನ್ನುವುದು ನಿಂತಿಲ್ಲ. ಇದು ಆಫೀಸಿನದು. ರಾತ್ರಿ ಪಾಳಿಯ ಹುಡುಗ ಹೇಳಿದ: “ಸರ್, ಒಂದೇ ಸರ್ವರ್‌ನಲ್ಲಿ ಐದು ಮಷೀನ್ ನಿಂತಿವೆ. ಆಫ್ ಆಗಿಲ್ಲ, ಕ್ರ್ಯಾಶ್ ಆಗಿಲ್ಲ. ಸುಮ್ಮನೆ ನಿಂತಿವೆ.”

ಎರಡು ತಿಂಗಳ ಹಿಂದೆ ಇದೇ ಅಂಕಣದಲ್ಲಿ ವರ್ಚುವಲ್ ಮಷೀನ್ ಎಂದರೇನು ಎಂದು ಬರೆದಿದ್ದೆ. ಒಂದು ದೊಡ್ಡ ಕಂಪ್ಯೂಟರಿನೊಳಗೆ ಹಲವು ಕಂಪ್ಯೂಟರುಗಳು ಇರುವಂತೆ ತೋರಿಸುವ ವ್ಯವಸ್ಥೆ ಅದು. ದೊಡ್ಡದಕ್ಕೆ ಹೋಸ್ಟ್ ಎನ್ನುತ್ತಾರೆ, ಒಳಗಿನವುಗಳಿಗೆ ಗೆಸ್ಟ್. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಆತಿಥೇಯ ಮತ್ತು ಅತಿಥಿ. ಆ ಬರಹ ಓದಿದ ಚೆನ್ನೈನ ಓದುಗರೊಬ್ಬರು, “ಇವೆಲ್ಲ ಕೆಟ್ಟಾಗ ಹೇಗೆ ಕೆಡುತ್ತವೆ, ಅದನ್ನು ಬರೆಯಿರಿ” ಎಂದು ಕೇಳಿದ್ದರು. ಹಾಗಾಗಿ ಮೂರು ವರ್ಷದ ಹಿಂದಿನ ಆ ರಾತ್ರಿಯ ಕಥೆ. ತಪ್ಪು ನನ್ನದೇ ಆಗಿದ್ದರಿಂದ ಬರೆಯಲು ಇಷ್ಟು ದಿನ ಬೇಕಾಯಿತು.

ಆ ಸರ್ವರ್‌ನಲ್ಲಿ ಒಂಬತ್ತು ಅತಿಥಿಗಳಿದ್ದವು. ನಿಂತ ಐದರಲ್ಲಿ ಒಂದು, ರಕ್ತಪರೀಕ್ಷೆ ಮಾಡುವ ಒಂದು ಲ್ಯಾಬ್‌ನ ವರದಿ ತಂತ್ರಾಂಶ. ಆ ಲ್ಯಾಬ್ ಬೆಳಿಗ್ಗೆ 6.30ಕ್ಕೆ ಬಾಗಿಲು ತೆರೆಯುತ್ತದೆ. ಸಕ್ಕರೆ ಕಾಯಿಲೆಯವರು ಖಾಲಿ ಹೊಟ್ಟೆಯಲ್ಲಿ ಬಂದು ಸಾಲಿನಲ್ಲಿ ಕೂರುತ್ತಾರೆ. ನಮಗಿದ್ದದ್ದು ಎರಡು ತಾಸು.

ಲ್ಯಾಪ್‌ಟಾಪ್ ತೆರೆದು ನೋಡಿದರೆ ಕಾರಣ ಎದುರಿಗೇ ಇತ್ತು. ಹೋಸ್ಟ್‌ನ ಡಿಸ್ಕ್ ನೂರಕ್ಕೆ ನೂರು ತುಂಬಿತ್ತು. ಅತಿಥಿಗಳ ಡಿಸ್ಕ್ ಫೈಲುಗಳೂ ಅದೇ ಜಾಗದಲ್ಲಿದ್ದವು. ಬೇಕಾದ ಹಾಗೆ ಬೆಳೆಯುತ್ತ ಹೋಗುವ ಬಗೆಯ ಫೈಲುಗಳಿದ್ದ ಐದು ಅತಿಥಿಗಳಿಗೆ ಬೆಳೆಯಲು ಜಾಗವೇ ಉಳಿದಿರಲಿಲ್ಲ. ಹೀಗಾದಾಗ ಕ್ಯೂಎಂಯು ಎಂಬ ತಂತ್ರಾಂಶ ಆ ಅತಿಥಿಯನ್ನು ಕೊಲ್ಲುವುದಿಲ್ಲ, ನಿದ್ದೆ ಮಾಡಿಸುತ್ತದೆ. ಜಾಗ ಸಿಕ್ಕ ಮೇಲೆ ಎಬ್ಬಿಸಿದರೆ ಬಿಟ್ಟಲ್ಲಿಂದ ಮುಂದುವರಿಯುತ್ತದೆ. ಒಳ್ಳೆಯ ಏರ್ಪಾಡು. ಮೊದಲೇ ಪೂರ್ತಿ ಜಾಗ ಕಾಯ್ದಿರಿಸಿದ್ದ ಉಳಿದ ನಾಲ್ಕು ಏನೂ ಆಗದಂತೆ ಓಡುತ್ತಿದ್ದವು.

ತುಂಬಿದ್ದು ಏನು? ಒಂದೇ ಒಂದು ಲಾಗ್ ಫೈಲ್. 58 ಜಿಬಿ. ಒಳಗೆ ಒಂದೇ ಸಾಲು, ಕೋಟಿಗಟ್ಟಲೆ ಸಲ: ಇಲ್ಲದ ರಿಜಿಸ್ಟರ್‌ಗೆ ಅತಿಥಿ ಬರೆಯಲು ಯತ್ನಿಸಿದೆ, ಇಲ್ಲದ ರಿಜಿಸ್ಟರ್‌ಗೆ ಅತಿಥಿ ಬರೆಯಲು ಯತ್ನಿಸಿದೆ.

ರಾತ್ರಿ ಪಾಳಿಯ ಹುಡುಗ ಜಾಣ. ನನಗೆ ಫೋನ್ ಮಾಡುವ ಮೊದಲೇ ಆ ಫೈಲನ್ನು ಹುಡುಕಿ ಅಳಿಸಿದ್ದ. ಆದರೂ ಜಾಗ ಮರಳಿರಲಿಲ್ಲ. ಲಿನಕ್ಸ್‌ನಲ್ಲಿ ಒಂದು ಪ್ರೋಗ್ರಾಂ ತೆರೆದಿಟ್ಟುಕೊಂಡಿರುವ ಫೈಲನ್ನು ಅಳಿಸಿದರೆ ಹೆಸರು ಮಾತ್ರ ಹೋಗುತ್ತದೆ. ಆ ಪ್ರೋಗ್ರಾಂ ಕೈಬಿಡುವವರೆಗೆ ಜಾಗ ಹೋಗುವುದಿಲ್ಲ. ಯಾವ ಅತಿಥಿ ಅಷ್ಟೊಂದು ಮಾತಾಡುತ್ತಿತ್ತೋ ಅದನ್ನು ನಿಲ್ಲಿಸಿದೆವು. ಒಂದೇ ಕ್ಷಣದಲ್ಲಿ 58 ಜಿಬಿ ಮರಳಿತು. 5.20ಕ್ಕೆ ಐದನ್ನೂ ಎಬ್ಬಿಸಿದೆವು. ಮುಗಿಯಿತು ಎಂದುಕೊಂಡು ಚಹಾ ಮಾಡಿಕೊಂಡು ಕುಡಿದೆ.

ಮುಗಿದಿರಲಿಲ್ಲ. 9.30ಕ್ಕೆ ಲ್ಯಾಬ್‌ನಿಂದ ಫೋನ್. ವರದಿಗಳಲ್ಲಿ ಸಮಯ ತಪ್ಪಾಗಿದೆ. ಬೆಳಿಗ್ಗೆ 7.10ಕ್ಕೆ ತೆಗೆದ ರಕ್ತಕ್ಕೆ 4.40 ಎಂದು ಅಚ್ಚಾಗಿದೆ. ಬಾಗಿಲು ತೆರೆಯುವ ಮೊದಲೇ ರಕ್ತ ತೆಗೆದ ಹಾಗೆ. ನಿದ್ದೆ ಮಾಡಿಸಿದ ಅತಿಥಿಯ ಗಡಿಯಾರವೂ ನಿಂತಿರುತ್ತದೆ ಎಂಬುದನ್ನು ಮರೆತಿದ್ದೆ. 2.50ಕ್ಕೆ ಮಲಗಿದ್ದು 5.20ಕ್ಕೆ ಎದ್ದಾಗ ಅದರ ಪ್ರಕಾರ ಇನ್ನೂ 2.50. ಸಮಯ ಸರಿಪಡಿಸಲೆಂದೇ ಒಳಗಿದ್ದ ಎನ್‌ಟಿಪಿ ಸೇವೆ, ವ್ಯತ್ಯಾಸ 1000 ಸೆಕೆಂಡಿಗಿಂತ ಹೆಚ್ಚಿದ್ದರೆ “ಇದರಲ್ಲಿ ಏನೋ ಗಡಿಬಿಡಿ ಇದೆ” ಎಂದು ತಾನೇ ನಿಂತುಬಿಡುತ್ತದೆ. ಹಾಗೇ ನಿಂತಿತ್ತು. ಊಟಕ್ಕೆ ಮುಂಚೆ ಯಾವಾಗ, ಊಟದ ನಂತರ ಎಷ್ಟು ಹೊತ್ತಿಗೆ ಎಂಬುದರ ಮೇಲೆಯೇ ಅರ್ಥ ನಿಂತಿರುವ ಪರೀಕ್ಷೆಗಳು ಅವು. ಅಂದಿನ ವರದಿಗಳನ್ನೆಲ್ಲ ಮತ್ತೆ ನೋಡಿ, ಮತ್ತೆ ಅಚ್ಚು ಹಾಕಿ, ಮನೆಗೆ ಹೋಗಿದ್ದವರನ್ನು ಮತ್ತೆ ಕರೆಸಬೇಕಾಯಿತು.

ಹನ್ನೊಂದು ಗಂಟೆಯ ಮೀಟಿಂಗ್

ಮೀಟಿಂಗ್‌ನಲ್ಲಿ ಎಲ್ಲರ ಬೆರಳೂ ಒಬ್ಬನ ಕಡೆ ತಿರುಗಿತ್ತು. ಕೆಲಸಕ್ಕೆ ಸೇರಿ ನಾಲ್ಕು ತಿಂಗಳಾಗಿದ್ದ ಸಾಂಗ್ಲಿಯ ಹುಡುಗ. ಡ್ರೈವರ್ ಬರೆಯುವುದನ್ನು ಕಲಿಯುತ್ತಿದ್ದ. ಆ ಮಾತಾಳಿ ಅತಿಥಿ ಅವನದು. ಸಂಜೆ ಏಳಕ್ಕೆ ಮನೆಗೆ ಹೋಗುವಾಗ ತನ್ನ ಪ್ರೋಗ್ರಾಮನ್ನು ಓಡಲು ಬಿಟ್ಟು ಹೋಗಿದ್ದ. ಅದು ಒಂದು ಲೂಪ್‌ನಲ್ಲಿ ಸಿಕ್ಕಿಕೊಂಡು, ಸಾಧನದಲ್ಲಿ ಇಲ್ಲದ ರಿಜಿಸ್ಟರ್‌ಗೆ ಸೆಕೆಂಡಿಗೆ ಸುಮಾರು 20 ಸಾವಿರ ಸಲ ಬರೆಯುತ್ತಿತ್ತು. ಪ್ರತಿ ಸಲಕ್ಕೂ ಹೋಸ್ಟ್‌ನಲ್ಲಿ ನೂರು ಅಕ್ಷರದ ಒಂದು ಸಾಲು. ಸೆಕೆಂಡಿಗೆ 2 ಎಂಬಿ, ಗಂಟೆಗೆ 7 ಜಿಬಿ. ಎಂಟು ಗಂಟೆಯಲ್ಲಿ ಕಥೆ ಮುಗಿದಿತ್ತು.

“ಗೆಸ್ಟ್‌ನಲ್ಲಿ ಬಗ್ ಇದೆ, ಹುಡುಗನ ಕೋಡ್ ತಪ್ಪು” ಎಂದರು ದೊಡ್ಡವರು. ಹುಡುಗನ ಮುಖ ಬಿಳಿಚಿತ್ತು.

ನಾನು ಏಳೆಂಟು ನಿಮಿಷ ಸುಮ್ಮನಿದ್ದೆ. ಯಾಕೆಂದರೆ ನನಗೆ ಗೊತ್ತಿತ್ತು. ಅತಿಥಿ ಇಲ್ಲದ ರಿಜಿಸ್ಟರ್ ಮುಟ್ಟಿದರೆ ಕ್ಯೂಎಂಯು ಸಾಮಾನ್ಯವಾಗಿ ಏನೂ ಬರೆಯುವುದಿಲ್ಲ. ಅದನ್ನು ಬರೆಯಿಸಬೇಕಾದರೆ ‘ಗೆಸ್ಟ್ ಎರರ್ಸ್’ ಎಂಬ ಆಯ್ಕೆಯನ್ನು ಬೇಕೆಂದೇ ಚಾಲೂ ಮಾಡಬೇಕು. ಹದಿನೈದು ದಿನದ ಹಿಂದೆ ಇದೇ ಹುಡುಗನಿಗೆ ಅವನ ಡ್ರೈವರ್ ಎಲ್ಲಿ ಎಡವುತ್ತದೆಂದು ತೋರಿಸಲು ಅದನ್ನು ಚಾಲೂ ಮಾಡಿದ್ದು ನಾನು. ಓದಲು ಅನುಕೂಲವಾಗಲೆಂದು ಬೇರೆಯದೇ ಫೈಲಿಗೆ ಬರೆಯುವಂತೆ ಮಾಡಿದ್ದೂ ನಾನು. ಕೆಲಸವಾದ ಮೇಲೆ ತೆಗೆಯಲು ಮರೆತವನೂ ನಾನೇ.

ಕೊನೆಗೆ ಹೇಳಿದೆ. ಹೇಳಿದ್ದಕ್ಕೆ ಯಾರೂ ಶಾಲು ಹೊದಿಸಲಿಲ್ಲ. ಬೈಗುಳ ತಿಂದೆ, ಅಷ್ಟೇ. ಆದರೆ ಆ ಏಳೆಂಟು ನಿಮಿಷ ಹುಡುಗ ತಲೆ ತಗ್ಗಿಸಿ ಕೂತಿದ್ದ ಬಗೆ ಇನ್ನೂ ಕಣ್ಣ ಮುಂದಿದೆ.

ತಪ್ಪು ಯಾರದು?

ಅತಿಥಿಯದು ತಪ್ಪೇ ಅಲ್ಲವೇ ಎಂದು ಕೇಳಬಹುದು. ತಪ್ಪು ಹೌದು. ಆದರೆ ತಪ್ಪು ಮಾಡುವುದು ಅತಿಥಿಯ ಹಕ್ಕು! ವರ್ಚುವಲ್ ಮಷೀನ್ ಇರುವುದೇ ಅದಕ್ಕೆ. ಒಳಗೆ ಯಾರೋ ಕಲಿಯುವವನು ಇರಬಹುದು, ಹಳೆಯ ವಿಂಡೋಸ್ ಇರಬಹುದು, ಬಾಡಿಗೆಗೆ ಪಡೆದ ಕಳ್ಳನೂ ಇರಬಹುದು. ಒಳಗೆ ಏನೇ ನಡೆದರೂ ಹೊರಗಿನ ಮನೆಗೆ ಮತ್ತು ಪಕ್ಕದ ಕೋಣೆಯವರಿಗೆ ತೊಂದರೆಯಾಗಬಾರದು ಎಂಬುದೇ ಈ ವ್ಯವಸ್ಥೆಯ ಮೊದಲ ಮಾತು.

ಅತಿಥಿಗೆ ಹೋಸ್ಟ್‌ನ ಲಾಗ್ ಫೈಲ್ ಕಾಣುವುದಿಲ್ಲ, ಅದನ್ನು ತೆರೆಯುವ ಅನುಮತಿಯೂ ಇಲ್ಲ. ಆದರೆ ಅದು ಏನೋ ಒಂದು ಮಾಡಿದಾಗ ಹೋಸ್ಟ್ ತಾನಾಗಿ ಒಂದು ಸಾಲು ಬರೆದರೆ, ಆ ಸಾಲನ್ನು ಬರೆಸಿದ್ದು ಅತಿಥಿಯೇ. ಕೈ ನಮ್ಮದು, ಮಾತು ಅದರದು, ಕಾಗದ ಮತ್ತೆ ನಮ್ಮದು. ಎಷ್ಟು ಸಲ ಬರೆಯಬೇಕು ಎಂಬುದು ಅದರ ಇಷ್ಟ ಎಂದಾದರೆ, ನಮ್ಮ ಡಿಸ್ಕ್‌ನ ಕೀಲಿಕೈಯನ್ನು ಅದಕ್ಕೇ ಕೊಟ್ಟಂತೆ.

ಇದು ನನ್ನೊಬ್ಬನ ಮರೆವಿನ ಕಥೆಯಾಗಿದ್ದರೆ ಅಂಕಣಕ್ಕೆ ತರುತ್ತಿರಲಿಲ್ಲ. ಜಗತ್ತಿನ ದೊಡ್ಡ ದೊಡ್ಡ ಕ್ಲೌಡ್‌ಗಳನ್ನು ಕಟ್ಟಲು ಬಳಸಿದ ಝೆನ್ ಎಂಬ ಹೈಪರ್‌ವೈಸರ್‌ನ ಭದ್ರತಾ ಪ್ರಕಟಣೆಗಳನ್ನು ತೆಗೆದು ನೋಡಿ. 2015ರ ಒಂದೇ ವರ್ಷದಲ್ಲಿ ಇಂಥವು ಹಲವು ಬಂದವು. ಎಕ್ಸ್‌ಎಸ್‌ಎ-118ರಲ್ಲಿ, ಆರ್ಮ್ ಚಿಪ್‌ನ ಇಂಟರಪ್ಟ್ ನಿಯಂತ್ರಕವನ್ನು ಅನುಕರಿಸುವ ಕೋಡ್ ಅತಿಥಿ ಕೇಳಿದಷ್ಟು ಸಲ ಸಂದೇಶ ಬರೆಯುತ್ತಿತ್ತು. ಎಕ್ಸ್‌ಎಸ್‌ಎ-146 ಮತ್ತು 152ರಲ್ಲಿ ಕೆಲವು ಹೈಪರ್‌ಕಾಲ್‌ಗಳು, ಅಂದರೆ ಅತಿಥಿ ಹೋಸ್ಟ್‌ಗೆ ಮಾಡುವ ಕರೆಗಳು, ಮಿತಿಯಿಲ್ಲದೆ ಲಾಗ್ ಬರೆಸುತ್ತಿದ್ದವು. ಮುಂದಿನ ವರ್ಷ ಮೇ ತಿಂಗಳಲ್ಲಿ ಬಂದ ಎಕ್ಸ್‌ಎಸ್‌ಎ-180 ನನ್ನ ಕಥೆಯ ಅಣ್ಣನಂತಿದೆ. ಕ್ಯೂಎಂಯು ಹೊರಹಾಕುವ ಸಂದೇಶಗಳೆಲ್ಲ ಹೋಸ್ಟ್‌ನ ಒಂದು ಫೈಲಿಗೆ ಹೋಗುತ್ತಿದ್ದವು. ಆ ಫೈಲಿಗೆ ಮಿತಿ ಇರಲಿಲ್ಲ. ಅತಿಥಿ ಮನಸ್ಸು ಮಾಡಿದರೆ ಹೋಸ್ಟ್‌ನ ಡಿಸ್ಕನ್ನೇ ತುಂಬಿಸಬಹುದಿತ್ತು. ಅದರ ಸಿವಿಇ ಸಂಖ್ಯೆ 2014-3672. ಇದೇ ದೋಷ ಲಿಬ್‌ವರ್ಟ್ ಎಂಬ ನಿರ್ವಹಣಾ ತಂತ್ರಾಂಶದಲ್ಲೂ ಇತ್ತು.

ಡಿಸ್ಕ್ ತುಂಬುವುದೊಂದೇ ಅಪಾಯವಲ್ಲ. ಎಷ್ಟೋ ಸರ್ವರ್‌ಗಳ ಕನ್ಸೋಲ್ ಇನ್ನೂ ಹಳೆಯ ಸೀರಿಯಲ್ ತಂತಿಯ ಮೇಲಿದೆ. ಅದರ ವೇಗ 1,15,200 ಬಾಡ್, ಅಂದರೆ ಸೆಕೆಂಡಿಗೆ ಹನ್ನೊಂದೂವರೆ ಸಾವಿರ ಅಕ್ಷರ. 80 ಅಕ್ಷರದ ಒಂದು ಸಾಲಿಗೆ ಸುಮಾರು 7 ಮಿಲಿಸೆಕೆಂಡು ಬೇಕು. ಆ ಸಾಲು ಹೋಗುವವರೆಗೆ ಹೈಪರ್‌ವೈಸರ್ ಕಾಯುತ್ತ ನಿಲ್ಲುವಂತಿದ್ದರೆ, ಸೆಕೆಂಡಿಗೆ ನೂರೈವತ್ತು ಸಾಲು ಬರೆಸಿದರೆ ಸಾಕು, ಒಂದು ಪ್ರೊಸೆಸರ್ ಬೇರೆ ಯಾವ ಕೆಲಸವನ್ನೂ ಮಾಡಲಾಗದು.

ಅಪ್ಪನ ಉದ್ರಿ ವಹಿ

ಗದಗಿನಲ್ಲಿ ನಮ್ಮಪ್ಪನದು ಕಿರಾಣಿ ಅಂಗಡಿ. ಗಲ್ಲೆಯ ಪಕ್ಕ ಎರಡು ವಹಿ ಇರುತ್ತಿದ್ದವು. ಒಂದು ಕಚ್ಚಾ, ಅಂದಂದಿನ ಗದ್ದಲವೆಲ್ಲ ಅದರಲ್ಲಿ. ಇನ್ನೊಂದು ಉದ್ರಿ ವಹಿ. ಅದರಲ್ಲಿ ಒಬ್ಬೊಬ್ಬ ಗಿರಾಕಿಗೆ ಒಂದೊಂದು ಪುಟ. “ಒಬ್ಬನ ಉದ್ರಿ ಇನ್ನೊಬ್ಬನ ಪುಟಕ್ಕ ಬರಬಾರ್ದು” ಎನ್ನುತ್ತಿದ್ದರು. ಪುಟ ತುಂಬಿತೆಂದರೆ ಆ ಗಿರಾಕಿಗೆ ಉದ್ರಿ ಬಂದ್. ಬೇರೆಯವರಿಗೆ ಅಂಗಡಿ ತೆರೆದೇ ಇರುತ್ತಿತ್ತು. ಆಮೇಲೆ ಓದಿದ ಎಂಟೆಕ್‌ನಲ್ಲಿ ಇಷ್ಟು ಸರಳವಾಗಿ ನನಗೆ ಯಾರೂ ಇದನ್ನು ಕಲಿಸಲಿಲ್ಲ.

ಲಿಬ್‌ವರ್ಟ್‌ನವರು ಮಾಡಿದ್ದೂ ಬಹುತೇಕ ಇದನ್ನೇ. 2015ರ ಕೊನೆಯಲ್ಲಿ ಬಂದ 1.3.0 ಆವೃತ್ತಿಯಲ್ಲಿ ವರ್ಟ್‌ಲಾಗ್‌ಡಿ ಎಂಬ ಪ್ರತ್ಯೇಕ ಗುಮಾಸ್ತನನ್ನು ಕೂರಿಸಿದರು. ಕ್ಯೂಎಂಯು ನೇರವಾಗಿ ಫೈಲಿಗೆ ಬರೆಯುವುದಿಲ್ಲ, ಈ ಗುಮಾಸ್ತನಿಗೆ ಹೇಳುತ್ತದೆ. ಅವನು ಒಬ್ಬೊಬ್ಬ ಅತಿಥಿಗೆ ಒಂದೊಂದು ಫೈಲ್ ಇಟ್ಟು, 2 ಎಂಬಿ ತುಂಬಿದ ಕೂಡಲೇ ಹೊಸ ಪುಟ ತೆರೆದು, ಹಳೆಯ ಮೂರನ್ನು ಮಾತ್ರ ಉಳಿಸಿಕೊಳ್ಳುತ್ತಾನೆ. ಅತಿಥಿ ಎಷ್ಟೇ ಕೂಗಿದರೂ ಒಟ್ಟು 8 ಎಂಬಿ. ನಮ್ಮ ಸರ್ವರ್‌ನಲ್ಲೂ ಆ ಗುಮಾಸ್ತ ಇದ್ದ. ಆದರೆ ನಾನು ಬೇರೆ ಫೈಲಿನ ಹೆಸರು ಕೊಟ್ಟು ಅವನನ್ನು ದಾಟಿ ಹೋಗಿದ್ದೆ. ಬಾಗಿಲಿಗೆ ಕಾವಲು ಇಟ್ಟು ಹಿತ್ತಲ ಗೋಡೆ ಒಡೆದಂತಾಗಿತ್ತು.

ಇನ್ನೊಂದು ದಾರಿ, ವೇಗಕ್ಕೆ ಮಿತಿ. ಲಿನಕ್ಸ್ ಕರ್ನಲ್‌ನಲ್ಲಿ ರೂಢಿಯ ಲೆಕ್ಕ ಹೀಗೆ: 5 ಸೆಕೆಂಡಿನಲ್ಲಿ 10 ಸಂದೇಶ. ಹನ್ನೊಂದನೆಯದು ಬಂದರೆ ಬರೆಯುವುದಿಲ್ಲ, ಎಣಿಸುತ್ತದೆ. ಆಮೇಲೆ “ಇಷ್ಟು ಸಂದೇಶ ತಡೆಹಿಡಿದಿದ್ದೇನೆ” ಎಂದು ಒಂದೇ ಸಾಲು. ಝೆನ್‌ನಲ್ಲೂ ಇದೇ 5 ಸೆಕೆಂಡ್, ಇದೇ 10. ಅಲ್ಲಿ ಇನ್ನೂ ಒಂದು ಅಚ್ಚುಕಟ್ಟಿದೆ. ತನ್ನ ಸ್ವಂತ ಸಂದೇಶಗಳಿಗೆ ಒಂದು ಮಟ್ಟ, ಅತಿಥಿ ಬರೆಸಿದ ಸಂದೇಶಗಳಿಗೆ ಬೇರೆಯೇ ಮಟ್ಟ. ಅದನ್ನು ಬದಲಿಸಲು ಗೆಸ್ಟ್ ಲಾಗ್ ಲೆವೆಲ್ ಎಂಬ ಪ್ರತ್ಯೇಕ ಆಯ್ಕೆ. ಮನೆಯವರು ಕೂಗಿದರೆ ಒಂದು ಅರ್ಥ, ಬಂದವರು ಕೂಗಿದರೆ ಇನ್ನೊಂದು. ಎಕ್ಸ್‌ಎಸ್‌ಎ-118ರಲ್ಲಿ ಆದ ಎಡವಟ್ಟು ಇದೇ. ಅತಿಥಿಯ ಮಾತಿಗೆ ಇಡಬೇಕಾದ ಮಿತಿ ಅಲ್ಲಿ ಸರಿಯಾಗಿ ಕೂತಿರಲಿಲ್ಲ.

ವಿಎಂವೇರ್‌ನಲ್ಲೂ ಇಂಥದೇ ಯೋಚನೆ. ಅತಿಥಿಯೊಳಗಿನ ಟೂಲ್ಸ್ ಹೋಸ್ಟ್‌ಗೆ ಕಳಿಸುವ ಮಾಹಿತಿ ಸಂದೇಶಗಳಿಗೆ ರೂಢಿಯಾಗಿ 1 ಎಂಬಿ ಮಿತಿ ಇಟ್ಟಿರುತ್ತಾರೆ.

ಆದರೆ ವೇಗದ ಮಿತಿಯಲ್ಲಿ ಒಂದು ಬಲೆ ಇದೆ. ಕೆಲಸ ಮಾಡುವವರೂ ಇದನ್ನು ಮರೆಯುತ್ತಾರೆ. 5 ಸೆಕೆಂಡಿಗೆ 10 ಎಂಬ ಲೆಕ್ಕ ಒಬ್ಬೊಬ್ಬ ಅತಿಥಿಗೆ ಬೇರೆ ಬೇರೆ ಇರುವುದಿಲ್ಲ. ಲಿನಕ್ಸ್‌ನಲ್ಲಿ ಅದು ಸಾಮಾನ್ಯವಾಗಿ ಕೋಡ್‌ನ ಆ ಜಾಗಕ್ಕೆ ಸೇರಿದ್ದು, ಅಲ್ಲಿಗೆ ಬರುವ ಅತಿಥಿಗಳಿಗೆಲ್ಲ ಒಂದೇ. ಒಂದು ಅತಿಥಿ ಗದ್ದಲ ಹಾಕಿ ಹತ್ತನ್ನೂ ತಾನೇ ಬಳಸಿಕೊಂಡರೆ, ಅದೇ ಹೊತ್ತಿಗೆ ಪಕ್ಕದ ಅತಿಥಿ ನಿಜವಾಗಿ ಕಷ್ಟದಲ್ಲಿದ್ದು ಕೂಗಿದ್ದು ‘ತಡೆಹಿಡಿದ ಸಂದೇಶ’ಗಳ ಎಣಿಕೆಯಲ್ಲಿ ಒಂದಾಗಿ ಸತ್ತುಹೋಗುತ್ತದೆ. ಬಾಯಿ ದೊಡ್ಡದಿದ್ದವನು ಬಾಯಿ ಇಲ್ಲದವನ ಪಾಲನ್ನೂ ತಿಂದ ಹಾಗೆ. ಅಪ್ಪನ ವಹಿಯಲ್ಲಿ ಹೀಗಾಗುತ್ತಿರಲಿಲ್ಲ.

ಬಾಯಿ ಮುಚ್ಚಿಸಿದ ಮೇಲೆ

ಆ ರಾತ್ರಿಯ ನಂತರ ನಾನು ಮಾಡಿದ್ದು ಇನ್ನೊಂದು ದಡ್ಡತನ. ಹೆದರಿದವನು ಯಾವಾಗಲೂ ಎದುರು ಬದಿಯ ತಪ್ಪು ಮಾಡುತ್ತಾನೆ. “ಅತಿಥಿಗಳ ಯಾವ ಸಂದೇಶವೂ ಬೇಡ” ಎಂದು ಆ ಸರ್ವರ್‌ನ ಅಷ್ಟೂ ಅತಿಥಿಗಳ ಕ್ಯೂಎಂಯು ಸಂದೇಶಗಳನ್ನು ಶೂನ್ಯಕ್ಕೆ ಕಳಿಸಿದೆ. ಎರಡು ವಾರ ನೆಮ್ಮದಿ. ಮೂರನೆಯ ವಾರ ಒಂದು ಅತಿಥಿಯ ನೆಟ್‌ವರ್ಕ್ ಸತ್ತಿತು. ಮಷೀನ್ ಓಡುತ್ತಿದೆ, ಪ್ಯಾಕೆಟ್ ಹೋಗುತ್ತಿಲ್ಲ. ಕೇಬಲ್ ಬದಲಿಸಿದೆವು, ಸ್ವಿಚ್‌ನ ಪೋರ್ಟ್ ಬದಲಿಸಿದೆವು, ಫೈರ್‌ವಾಲ್ ತಂಡದವರ ಜೊತೆ ಜಗಳವನ್ನೂ ಆಡಿದೆವು. ಎರಡು ದಿನ ಹೋಯಿತು.

ಕಾರಣ ಒಂದೇ ಸಾಲಿನಲ್ಲಿತ್ತು. ಆ ಸಾಲನ್ನು ನಾನು ಎಸೆದಿದ್ದೆ. ಕ್ಯೂಎಂಯುನ ವರ್ಟಿಯೋ ಸಾಧನಗಳಲ್ಲಿ ಅತಿಥಿಯ ಡ್ರೈವರ್ ನಿಯಮ ಮೀರಿದ ಬೇಡಿಕೆ ಕಳಿಸಿದರೆ, ಕ್ಯೂಎಂಯು ಒಂದು ಸಂದೇಶ ಬರೆದು ಆ ಸಾಧನವನ್ನು ‘ಕೆಟ್ಟಿದೆ’ ಎಂದು ಗುರುತಿಸಿ ನಿಲ್ಲಿಸುತ್ತದೆ. ಮಷೀನ್ ಬದುಕಿರುತ್ತದೆ, ಆ ಒಂದು ಕಾರ್ಡ್ ಮಾತ್ರ ಸತ್ತಿರುತ್ತದೆ. ಅದು ಅತಿಥಿ ಬರೆಸಿದ ಸಂದೇಶವೇ. ಆದರೆ ಕೋಟಿ ಸಲ ಬರುವಂಥದ್ದಲ್ಲ. ಒಮ್ಮೆ ಬರುತ್ತದೆ, ಅದೊಂದೇ ಸುಳಿವು.

ತೋಳ ಬಂತು ತೋಳ ಕಥೆಯಲ್ಲಿ ನಾವು ಯಾವಾಗಲೂ ಸುಳ್ಳು ಹೇಳಿದ ಹುಡುಗನನ್ನು ಬೈಯುತ್ತೇವೆ. ಕಿವಿ ಮುಚ್ಚಿಕೊಂಡ ಊರಿನವರೂ ಕುರಿ ಕಳೆದುಕೊಂಡರು ಎಂಬುದನ್ನು ಮರೆಯುತ್ತೇವೆ.

ಇದರ ಪಕ್ಕದಲ್ಲೇ ಮೂರನೆಯ ತಪ್ಪೂ ಒಂದಿದೆ: ಅತಿಥಿ ಅಸಂಬದ್ಧ ಮಾತಾಡಿದಾಗ ಗಾಬರಿಯಾಗಿ ಮನೆಯನ್ನೇ ಬಿಟ್ಟು ಓಡುವುದು. ಮೇಲೆ ಹೇಳಿದ ವರ್ಟಿಯೋ ಕೋಡ್ ಹಿಂದೆ ಹಾಗೇ ಇತ್ತು. ಡ್ರೈವರ್ ನಿಯಮ ಮೀರಿದರೆ ಕ್ಯೂಎಂಯು ಸಂದೇಶ ಬರೆದು ತಾನೇ ಎಕ್ಸಿಟ್ ಆಗುತ್ತಿತ್ತು. ಅತಿಥಿಯ ಪಾಲಿಗೆ ಓಡುತ್ತಿರುವಾಗಲೇ ಕರೆಂಟ್ ಹೋದಂತೆ. ಝೆನ್‌ನ ಎಕ್ಸ್‌ಎಸ್‌ಎ-117 ಇನ್ನೂ ಭಯಂಕರ. ಅತಿಥಿ ಒಂದು ರಿಜಿಸ್ಟರ್‌ಗೆ ತಪ್ಪು ಬೆಲೆ ಬರೆದರೆ ಹೈಪರ್‌ವೈಸರ್ ಅದನ್ನು ತನ್ನದೇ ಮಹಾಪತನವೆಂದು ಬಗೆದು ಇಡೀ ಹೋಸ್ಟನ್ನು ಕೆಡವುತ್ತಿತ್ತು. 117, 118 ಎಂದು ಅಕ್ಕಪಕ್ಕದ ಸಂಖ್ಯೆಗಳು. ಒಂದರಲ್ಲಿ ಕೆಡವಿದ್ದು, ಇನ್ನೊಂದರಲ್ಲಿ ವಿಪರೀತ ಬರೆದದ್ದು. ಎರಡರ ಬೇರೂ ಒಂದೇ. ಅತಿಥಿಯ ತಪ್ಪನ್ನು ನಮ್ಮ ತಪ್ಪಿನಂತೆ ನೋಡಿದ್ದು.

ಏನು ಬರೆಸಬಹುದು?

ಇಲ್ಲಿಯವರೆಗೆ ಎಷ್ಟು ಎಂಬ ಲೆಕ್ಕ. ಏನು ಎಂಬುದೂ ಮುಖ್ಯ. ಲಾಗ್ ಸಾಲಿನೊಳಗೆ ಅತಿಥಿ ಕೊಟ್ಟ ಪದವೇನಾದರೂ ಸೇರುತ್ತಿದ್ದರೆ, ಅದರಲ್ಲಿ ಹೊಸ ಸಾಲಿನ ಚಿಹ್ನೆ ಇಟ್ಟು, ಮುಂದೆ ಹೋಸ್ಟ್‌ನದೇ ಎಂಬಂತೆ ಕಾಣುವ ಸುಳ್ಳು ಸಾಲೊಂದನ್ನು ಬರೆಸಬಹುದು. ಉದ್ರಿ ವಹಿಯಲ್ಲಿ ಗಿರಾಕಿಯೇ ಅಪ್ಪನ ಅಕ್ಷರದಲ್ಲಿ ‘ಚುಕ್ತಾ’ ಎಂದು ಬರೆದಂತೆ. ಟರ್ಮಿನಲ್‌ಗೆ ಮಾತ್ರ ಅರ್ಥವಾಗುವ ಗುಪ್ತ ಅಕ್ಷರಗಳನ್ನು ತೂರಿಸಿ, ಓದುವವನ ಪರದೆಯನ್ನೇ ಅಳಿಸಬಹುದು. ಅದಕ್ಕೇ ಝೆನ್ ಎರಡು ಕೆಲಸ ಮಾಡುತ್ತದೆ. ಅತಿಥಿಯ ಡೀಬಗ್ ಪೋರ್ಟ್‌ನಿಂದ ಬರುವ ಅಕ್ಷರಗಳಲ್ಲಿ ಅಚ್ಚಾಗುವಂಥವನ್ನು ಮಾತ್ರ ಒಳಗೆ ಬಿಡುತ್ತದೆ. ಸಾಲಿನ ಮೊದಲಲ್ಲಿ ಇದು ಇಂಥ ಸಂಖ್ಯೆಯ ಅತಿಥಿಯ ಮಾತು ಎಂಬ ಗುರುತು ಹಾಕುತ್ತದೆ. ತನ್ನ ಮಾತಿಗೆ ತನ್ನ ಹೆಸರು.

ವರ್ಚುವಲ್ ಮಷೀನ್ ನಮಗೇಕೆ ಎನ್ನುವವರಿಗೂ ಇದು ಸಂಬಂಧಿಸಿದ್ದೇ. 2021ರ ಡಿಸೆಂಬರ್‌ನಲ್ಲಿ ಲಾಗ್4ಶೆಲ್ ಎಂಬ ದೋಷ ಬಯಲಾದಾಗ ನಮ್ಮಲ್ಲಿ ಎಷ್ಟೋ ಜನ ಶನಿವಾರ, ಭಾನುವಾರ ಎನ್ನದೆ ಕೂತಿದ್ದು ನೆನಪಿರಬಹುದು. ಅಲ್ಲಿಯೂ ಆದದ್ದು ಇಷ್ಟೇ. ಹೊರಗಿನವನು ಕಳಿಸಿದ ಪದವನ್ನು ಜಾವಾ ಪ್ರೋಗ್ರಾಂ ನಂಬಿಕೆಯಿಂದ ಲಾಗ್‌ಗೆ ಕೊಟ್ಟಿತು. ಲಾಗ್ ಬರೆಯುವ ತಂತ್ರಾಂಶ ಅದನ್ನು ಬರೆಯುವ ಬದಲು ಆಜ್ಞೆ ಎಂದು ಪಾಲಿಸಿತು.

ಈಗ ನಾವು ಮಾಡುವುದು

ಎರಡೂ ಪೆಟ್ಟು ತಿಂದ ಮೇಲೆ ನಮ್ಮ ತಂಡದಲ್ಲಿ ಮಾಡಿಕೊಂಡದ್ದನ್ನು ಹೇಳಿ ಮುಗಿಸುತ್ತೇನೆ. ದೊಡ್ಡ ಶಾಸ್ತ್ರವೇನಲ್ಲ. ಚಿಕ್ಕ ಆಫೀಸಿನಲ್ಲೂ ಆಗುವಂಥದ್ದೇ.

ಮೊದಲನೆಯದು, ಲಾಗ್‌ನ ಜಾಗ ಬೇರೆ, ಅತಿಥಿಗಳ ಡಿಸ್ಕ್ ಜಾಗ ಬೇರೆ. ಲಾಗ್ ತುಂಬಿದರೆ ಲಾಗ್ ಮಾತ್ರ ನಿಲ್ಲಬೇಕು, ಲ್ಯಾಬ್ ನಿಲ್ಲಬಾರದು. ಇದೊಂದನ್ನು ಮೊದಲೇ ಮಾಡಿದ್ದರೆ ಆ ರಾತ್ರಿ ಫೋನೇ ಬರುತ್ತಿರಲಿಲ್ಲ.

ಎರಡನೆಯದು, ಪ್ರತಿ ಅತಿಥಿಗೂ ತನ್ನದೇ ಪುಟ ಮತ್ತು ಆ ಪುಟಕ್ಕೆ ಮಿತಿ. ವರ್ಟ್‌ಲಾಗ್‌ಡಿಯನ್ನು ದಾಟಿ ಹೋಗುವ ಯಾವ ಆಯ್ಕೆಯೂ ಇಬ್ಬರು ನೋಡದೆ ಸೇರುವಂತಿಲ್ಲ. ಡೀಬಗ್ ಆಯ್ಕೆ ಚಾಲೂ ಮಾಡಿದರೆ ಅದಕ್ಕೊಂದು ಮುಕ್ತಾಯದ ದಿನ ಬರೆಯಲೇಬೇಕು. ಆ ದಿನ ಕಳೆದರೆ ನಮ್ಮ ಚಿಕ್ಕ ಸ್ಕ್ರಿಪ್ಟ್ ಎಲ್ಲರಿಗೂ ಮೇಲ್ ಕಳಿಸುತ್ತದೆ. ಮೊದಲ ಸಾಲಿನಲ್ಲಿ ಚಾಲೂ ಮಾಡಿದವರ ಹೆಸರು. ಬಹಳ ಸಲ ನನ್ನದೇ.

ಮೂರನೆಯದು, ತಡೆಹಿಡಿದ ಸಂದೇಶಗಳ ಸಂಖ್ಯೆಯ ಮೇಲೆ ಕಣ್ಣು. ‘ಇಷ್ಟು ಸಾವಿರ ತಡೆಹಿಡಿಯಲಾಗಿದೆ’ ಎಂಬ ಸಾಲನ್ನು ಹಿಂದೆ ಕಸವೆಂದು ದಾಟಿಸುತ್ತಿದ್ದೆವು. ಈಗ ಅದೇ ನಮ್ಮ ಮೊದಲ ಅಲಾರಂ. ಅತಿಥಿ ಏನು ಕೂಗುತ್ತಿದೆ ಎಂಬುದಕ್ಕಿಂತ, ನಿನ್ನೆ ಸುಮ್ಮನಿದ್ದದ್ದು ಇಂದೇಕೆ ಕೂಗುತ್ತಿದೆ ಎಂಬುದು ಹೆಚ್ಚು ಹೇಳುತ್ತದೆ.

ನಾಲ್ಕನೆಯದು, ಅಳಿಸುವ ಮುನ್ನ ನಿಲ್ಲುವುದು. ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ಕಂಪನಿಗಳು, ಡೇಟಾ ಸೆಂಟರ್‌ಗಳು ತಮ್ಮ ವ್ಯವಸ್ಥೆಗಳ ಲಾಗ್‌ಗಳನ್ನು 180 ದಿನ ಕಾಪಾಡಬೇಕು. ಹಾಗಾಗಿ ತುಂಬಿತೆಂದು ಕಂಡಕಂಡದ್ದನ್ನು ಅಳಿಸುವ ಕಾಲ ಹೋಯಿತು. ಯಾರು ಒಳಗೆ ಬಂದರು, ಯಾರು ಯಾವ ಮಷೀನ್ ನಿಲ್ಲಿಸಿದರು ಎಂಬಂಥವು ಉಳಿಯಬೇಕು. ಅತಿಥಿಯ ಡ್ರೈವರ್ ಕೋಟಿ ಸಲ ಎಡವಿದ್ದು ಆ ಜಾಗವನ್ನು ತಿನ್ನಬಾರದು. ಎರಡನ್ನೂ ಒಂದೇ ಗೋಣಿಯಲ್ಲಿ ತುಂಬಿದರೆ ಕಾಳೂ ಹೋಗುತ್ತದೆ, ಹೊಟ್ಟೂ ಹೋಗುತ್ತದೆ.

ಕೊನೆಯದು ಗಡಿಯಾರ. ನಿದ್ದೆಯಿಂದ ಎಬ್ಬಿಸಿದ ಯಾವುದೇ ಅತಿಥಿಯ ಸಮಯ ನೋಡದೆ ಯಾರೂ ಚಹಾಕ್ಕೆ ಹೋಗುವಂತಿಲ್ಲ. ಈ ನಿಯಮಕ್ಕೆ ತಂಡದವರು ನನ್ನ ಹೆಸರನ್ನೇ ಇಟ್ಟಿದ್ದಾರೆ.

ಆ ಸಾಂಗ್ಲಿಯ ಹುಡುಗ ಈಗ ಹುಡುಗನಲ್ಲ. ಹೊಸಬರಿಗೆ ಡ್ರೈವರ್ ಬರೆಯುವುದನ್ನು ಅವನೇ ಕಲಿಸುತ್ತಾನೆ. ಕಳೆದ ತಿಂಗಳು ಅವನ ತರಬೇತಿಯ ಕೋಣೆಯ ಮುಂದೆ ಹಾದುಹೋಗುವಾಗ ಒಂದು ಮಾತು ಕಿವಿಗೆ ಬಿತ್ತು. ಹೊಸ ಹುಡುಗಿಯೊಬ್ಬಳಿಗೆ ಹೇಳುತ್ತಿದ್ದ: “ತಪ್ಪು ಮಾಡು, ಹೆದರಬೇಡ. ಗೆಸ್ಟ್ ಇರುವುದೇ ಅದಕ್ಕೆ. ನಿನ್ನ ತಪ್ಪಿನಿಂದ ಹೋಸ್ಟ್ ಬಿದ್ದರೆ ಅದು ನಮ್ಮ ತಪ್ಪು.”

ಒಳಗೆ ಹೋಗಿ ಏನಾದರೂ ಹೇಳಬೇಕೆನಿಸಿತು. ಹೋಗಲಿಲ್ಲ. ಬಾಗಿಲ ಹೊರಗೆ ಸ್ವಲ್ಪ ಹೊತ್ತು ನಿಂತು ನನ್ನ ಕುರ್ಚಿಗೆ ಮರಳಿದೆ.

ಮುಂದಿನ ತಿಂಗಳು ಬ್ಯಾಕಪ್ ಬಗ್ಗೆ ಬರೆಯುತ್ತೇನೆ. ಅಲ್ಲಿಯವರೆಗೆ ನಿಮ್ಮ ಮನೆಯ ಲ್ಯಾಪ್‌ಟಾಪ್‌ನಲ್ಲೂ ಒಮ್ಮೆ ಯಾವ ಫೈಲ್ ಎಷ್ಟು ಬೆಳೆದಿದೆ ನೋಡಿ. ಯಾರೋ ನಿಮ್ಮ ವಹಿಯಲ್ಲಿ ಬರೆಯುತ್ತಿರಬಹುದು.